ತಿಂದು ಎಷ್ಟು ಹೊತ್ತಿಗೆ ಬಂತು? ಮಕ್ಕಳ ಅಲರ್ಜಿ ಮತ್ತು ಇಮ್ಯುನಾಲಜಿ ತಜ್ಞರ ಕೆಲಸ

ಮಗುವಿನ ಮೈಮೇಲೆ ಪಿತ್ತಗಂಧೆ ಎದ್ದಿತ್ತು, ಹಾಲಿನಿಂದಲೇ ಇರಬೇಕು ಎಂದುಕೊಂಡು ಅಪ್ಪ ಅಮ್ಮ ಬಂದಿರುತ್ತಾರೆ. ಕೈಯಲ್ಲಿ ಮೂರು ಪುಟದ ರಕ್ತಪರೀಕ್ಷೆಯ ರಿಪೋರ್ಟು. ಹಾಲು, ಗೋಧಿ, ಮೊಟ್ಟೆ, ಸೋಯಾ, ಟೊಮೆಟೊ ಎಂದು ನಲವತ್ತು ಹೆಸರುಗಳ ಪಟ್ಟಿ, ಹನ್ನೊಂದರ ಮುಂದೆ ಕೆಂಪು ಗುರುತು. ಹನ್ನೊಂದನ್ನೂ ಮನೆಯಲ್ಲಿ ಆಗಲೇ ನಿಲ್ಲಿಸಿಯಾಗಿದೆ. ಪಳಗಿದ ತಜ್ಞರು ಆ ರಿಪೋರ್ಟನ್ನು ಮಗುಚಿ ಪಕ್ಕಕ್ಕಿಟ್ಟು ಮೊದಲು ಕೇಳುವುದು ಒಂದೇ ಮಾತು: “ಹಾಲು ಕುಡಿದು ಎಷ್ಟು ಹೊತ್ತಿಗೆ ಎದ್ದಿತು?”

ಉತ್ತರ ‘ಹತ್ತು ನಿಮಿಷಕ್ಕೆ’ ಎಂದಾದರೆ ಒಂದು ದಾರಿ. ‘ಎರಡು ತಾಸಿಗೆ, ವಾಂತಿಯ ಮೇಲೆ ವಾಂತಿ’ ಎಂದಾದರೆ ಇನ್ನೊಂದು. ‘ಮಾರನೇ ದಿನ ಬೆಳಿಗ್ಗೆ ಏಳುವಾಗ’ ಎಂದಾದರೆ ಬಹುಶಃ ಹಾಲಿನ ತಪ್ಪೇ ಅಲ್ಲ. ಈ ವಿಭಾಗದಲ್ಲಿ ಸ್ಟೆತಾಸ್ಕೋಪಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಗಡಿಯಾರ.

ಅಲರ್ಜಿ ಎಂಬ ಪದ ಹುಟ್ಟಿದ್ದೂ ಗಡಿಯಾರ ನೋಡಿಯೇ. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ, ಸಹೋದ್ಯೋಗಿ ಬೇಲಾ ಶಿಕ್ ಜೊತೆಗೂಡಿ, ಕುದುರೆಯ ಸೀರಮ್ (ರಕ್ತದ ತಿಳಿ ಭಾಗ) ಅನ್ನು ಔಷಧಿಯಾಗಿ ಚುಚ್ಚಿಸಿಕೊಂಡ ಮಕ್ಕಳನ್ನು ಗಮನಿಸುತ್ತಿದ್ದರು. ಮೊದಲ ಸಲ ಜ್ವರ, ದದ್ದು ಬರಲು ವಾರ ಹತ್ತು ದಿನ ಹಿಡಿಯುತ್ತಿತ್ತು. ಎರಡನೇ ಸಲ ಅದೇ ಸೀರಮ್ ಕೊಟ್ಟರೆ ಬಹಳ ಬೇಗ, ಜೋರಾಗಿ ಬರುತ್ತಿತ್ತು. ವಸ್ತು ಅದೇ, ಮಗು ಅದೇ, ಬದಲಾದದ್ದು ಮೈಯ ಪ್ರತಿಕ್ರಿಯೆ. ಅದಕ್ಕೆ ಅವರು 1906ರಲ್ಲಿ ‘ಅಲರ್ಜಿ’ ಎಂದು ಹೆಸರಿಟ್ಟರು. ನಿಮಿಷಗಳಲ್ಲಿ ಏಳುವ ತಕ್ಷಣದ ಅಲರ್ಜಿಯ ಹಿಂದಿರುವ ಪ್ರತಿಕಾಯ ಯಾವುದೆಂದು ತಿಳಿಯಲು ಮತ್ತೆ ಅರವತ್ತು ವರ್ಷ ಬೇಕಾಯಿತು. 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಇಶಿಜಾಕಾ ದಂಪತಿ, ಸ್ವೀಡನ್ನಿನಲ್ಲಿ ಯೊಹಾನ್ಸನ್ ಮತ್ತು ಬೆನ್ನಿಚ್ ಬೇರೆಬೇರೆಯಾಗಿ ಐಜಿಇ ಪ್ರತಿಕಾಯವನ್ನು ಪತ್ತೆಹಚ್ಚಿದರು.

ನಿಮಿಷ, ತಾಸು, ದಿನ

ಐಜಿಇ ರಕ್ತದಲ್ಲಿ ಅತ್ಯಲ್ಪ. ಅದರ ಠಿಕಾಣಿ ಚರ್ಮ, ಕರುಳು, ಶ್ವಾಸನಾಳಗಳ ಒಳಪದರದಲ್ಲಿ ಕೂತಿರುವ ಮಾಸ್ಟ್ ಕೋಶಗಳ ಮೈಮೇಲೆ. ಹಾಲಿನ ಪ್ರೋಟೀನು ಬಂದು ಅಕ್ಕಪಕ್ಕದ ಎರಡು ಐಜಿಇಗಳಿಗೆ ಒಟ್ಟಿಗೆ ಅಂಟಿಕೊಂಡರೆ ಸಾಕು, ಕೋಶದೊಳಗೆ ಮೊದಲೇ ತುಂಬಿಟ್ಟಿರುವ, ತುರಿಕೆ ಊತ ತರುವ ಹಿಸ್ಟಮಿನ್ ಎಂಬ ರಾಸಾಯನಿಕ ಹೊರಕ್ಕೆ ಚೆಲ್ಲುತ್ತದೆ. ಹೊಸದಾಗಿ ತಯಾರಾಗಬೇಕಾದ್ದು ಏನೂ ಇಲ್ಲ, ಅದಕ್ಕೇ ಇದು ನಿಮಿಷಗಳ ಆಟ. ತುರಿಕೆ, ಗಂಧೆ, ತುಟಿ ಕಣ್ಣು ಊದುವುದು, ವಾಂತಿ, ಕೆಮ್ಮು, ಎದೆಯಲ್ಲಿ ಸುಯ್ ಸದ್ದು, ಎಲ್ಲವೂ ಸಾಮಾನ್ಯವಾಗಿ ತಿಂದ ಎರಡು ತಾಸಿನೊಳಗೆ, ಬಹುಪಾಲು ಅರ್ಧ ತಾಸಿನೊಳಗೆ ಶುರುವಾಗುತ್ತವೆ.

ತಿಂದು ಒಂದರಿಂದ ನಾಲ್ಕು ತಾಸಿನ ನಡುವೆ ಎಳೆಗೂಸು ಬಿಡದೆ ವಾಂತಿ ಮಾಡಿ, ಬಿಳಿಚಿಕೊಂಡು, ಬಟ್ಟೆಯಂತೆ ಜೋತುಬಿದ್ದರೆ ಅದು ಬೇರೆ ಕಾಯಿಲೆ. ಗಂಧೆ ಇರುವುದಿಲ್ಲ, ಸುಯ್ ಸದ್ದು ಇರುವುದಿಲ್ಲ, ಐಜಿಇ ಪರೀಕ್ಷೆ ಸಾಮಾನ್ಯವಾಗಿ ನೆಗೆಟಿವ್. ಇದನ್ನು ಎಫ್‌ಪೀಸ್ ಎನ್ನುತ್ತಾರೆ. ಆಹಾರದ ಪ್ರೋಟೀನಿಗೆ ಕರುಳೇ ನೇರವಾಗಿ ಕೆರಳುವ ತೊಂದರೆ ಇದು. ಹಸುವಿನ ಹಾಲು, ಅಕ್ಕಿ, ಓಟ್ಸ್ ಇದರ ಹೆಸರುವಾಸಿ ಕಾರಣಗಳು. ಮೊದಲ ಸಲ ತುರ್ತು ವಿಭಾಗಕ್ಕೆ ಬಂದಾಗ ಹಲವು ಮಕ್ಕಳಿಗೆ ‘ರಕ್ತಕ್ಕೆ ಸೋಂಕು’ ಎಂದೇ ಚಿಕಿತ್ಸೆ ಶುರುವಾಗುತ್ತದೆ. ತಪ್ಪೆನ್ನಲಾಗದು, ನೋಡಲು ಥೇಟ್ ಹಾಗೆಯೇ ಇರುತ್ತದೆ. ಅದೇ ಆಹಾರ ಕೊಟ್ಟಾಗ ಮತ್ತೆ ಅಷ್ಟೇ ಹೊತ್ತಿಗೆ ಬಂದರೆ ಮಾತ್ರ ಗುಟ್ಟು ಬಯಲಾಗುವುದು. ಇದಕ್ಕೆ ಬೇಕಾದದ್ದು ಡ್ರಿಪ್ ಮತ್ತು ವಾಂತಿ ನಿಲ್ಲಿಸುವ ಒಂಡಾನ್ಸೆಟ್ರಾನ್. ಆಂಟಿಹಿಸ್ಟಮಿನ್ ಇಲ್ಲಿ ಏನೂ ಮಾಡುವುದಿಲ್ಲ.

ಇನ್ನೂ ನಿಧಾನದ್ದು, ಬೇರೆಲ್ಲ ರೀತಿಯಲ್ಲಿ ಚೆನ್ನಾಗಿರುವ ಎದೆಹಾಲಿನ ಕೂಸಿನ ಮಲದಲ್ಲಿ ಕಾಣುವ ರಕ್ತದ ಎಳೆ. ಇಲ್ಲಿ ತಾಯಿ ಹಸುವಿನ ಹಾಲು, ಅದರ ಪದಾರ್ಥಗಳನ್ನು ಎರಡರಿಂದ ನಾಲ್ಕು ವಾರ ಬಿಟ್ಟು ನೋಡಬೇಕು. ನಿಂತ ಮೇಲೆ ಮತ್ತೆ ತಿಂದು ನೋಡಬೇಕು. ಈ ಎರಡನೇ ಹೆಜ್ಜೆಯನ್ನು ಬಹಳ ಕಡೆ ಬಿಟ್ಟೇಬಿಡುತ್ತಾರೆ. ತಾನಾಗಿಯೇ ನಿಲ್ಲುವ ತೊಂದರೆ ಇದು. ಮತ್ತೆ ತಿಂದು ನೋಡದಿದ್ದರೆ ಹಾಲು ಬಿಟ್ಟಿದ್ದಕ್ಕೆ ನಿಂತಿತೋ, ನಿಲ್ಲುವ ಹೊತ್ತಾಗಿತ್ತೋ ಗೊತ್ತಾಗುವುದೇ ಇಲ್ಲ, ತಾಯಿ ಮಾತ್ರ ವರ್ಷಗಟ್ಟಲೆ ಪಥ್ಯದಲ್ಲಿ ಇರುತ್ತಾರೆ.

ಹೊತ್ತು ಕೇಳಿದ ಮೇಲೆ ಉಳಿದ ಪ್ರಶ್ನೆಗಳು: ಎಷ್ಟು ತಿಂದಿತ್ತು, ಒಂದು ಚಮಚವೋ ಒಂದು ಬಟ್ಟಲೋ? ಹಸಿಯೋ, ಬೇಯಿಸಿದ್ದೋ, ಬೇಕ್ ಮಾಡಿದ್ದೋ? ಅದಕ್ಕೆ ಮೊದಲು ಎಷ್ಟು ಸಲ ತಿಂದಿತ್ತು? ಆಮೇಲೆ ತಿಂದಿದೆಯೇ? ಜ್ವರ ಇತ್ತೇ, ಔಷಧಿ ನಡೆಯುತ್ತಿತ್ತೇ? ಇವುಗಳಲ್ಲಿ ‘ಆಮೇಲೆ ತಿಂದಿದೆಯೇ’ ಎಂಬುದಕ್ಕೆ ತೂಕ ಹೆಚ್ಚು. ಆ ಘಟನೆಯ ನಂತರ ಅದೇ ಪದಾರ್ಥವನ್ನು ಅಷ್ಟೇ ಪ್ರಮಾಣದಲ್ಲಿ ನಾಲ್ಕು ಸಲ ತಿಂದು ಏನೂ ಆಗಿಲ್ಲ ಎಂದಾದರೆ ತಕ್ಷಣದ ಅಲರ್ಜಿಯ ಮಾತು ಅಲ್ಲಿಗೆ ಮುಗಿಯಿತು, ರಿಪೋರ್ಟು ಏನೇ ಹೇಳಲಿ.

ಗಂಧೆಯ ವಿಷಯಕ್ಕೆ ಇನ್ನೊಂದು ಸಣ್ಣ ಉಪಾಯ. ಒಂದು ಗಂಧೆಯ ಸುತ್ತ ಪೆನ್ನಿನಿಂದ ಗೆರೆ ಎಳೆದು ಹೊತ್ತು ಬರೆದಿಡಿ, ಫೋಟೊ ತೆಗೆಯಿರಿ. ಸಾಮಾನ್ಯ ಗಂಧೆ 24 ತಾಸಿನೊಳಗೆ ಆ ಗೆರೆಯಿಂದ ಮಾಯವಾಗಿ ಬೇರೆ ಕಡೆ ಏಳುತ್ತದೆ. ಗೆರೆಯೊಳಗೇ ಎರಡು ದಿನ ಕೂತು, ಹೋಗುವಾಗ ಕಂದು ಕಲೆ ಬಿಟ್ಟರೆ ಅದು ರಕ್ತನಾಳದ ಉರಿಯೂತ ಇರಬಹುದು. ಇನ್ನು, ಪುಟ್ಟ ಮಕ್ಕಳಲ್ಲಿ ದಿಢೀರನೆ ಎದ್ದು ಕೆಲವು ದಿನ ಬಂದುಹೋಗಿ ಮಾಡುವ ಗಂಧೆಗೆ ಸಾಮಾನ್ಯ ಕಾರಣ ವೈರಸ್ ಸೋಂಕು. ನೆಗಡಿ ಇಳಿದ ಹಾಗೆ ಅದೂ ಇಳಿಯುತ್ತದೆ.

ಚುಚ್ಚು ಪರೀಕ್ಷೆ

ಮುಂಗೈಯ ಒಳಭಾಗವನ್ನೋ ಎಳೆ ಮಕ್ಕಳಲ್ಲಿ ಬೆನ್ನನ್ನೋ ಒರೆಸಿ, ಪೆನ್ನಿನಲ್ಲಿ ಸಂಖ್ಯೆ ಬರೆದು, ಪಕ್ಕದಲ್ಲಿ ಅನುಮಾನದ ಆಹಾರದ ಸತ್ವವನ್ನು ಒಂದೊಂದು ಹನಿ ಇಡುತ್ತಾರೆ. ಹನಿಯಿಂದ ಹನಿಗೆ ಕನಿಷ್ಠ 2 ಸೆಂಟಿಮೀಟರ್ ಅಂತರ ಇರಬೇಕು, ಇಲ್ಲದಿದ್ದರೆ ಒಂದರ ಕೆಂಪು ಇನ್ನೊಂದಕ್ಕೆ ಹರಡಿ ಓದಲಾಗದು. ಹನಿಯ ಮೂಲಕ ಲ್ಯಾನ್ಸೆಟ್ ಎಂಬ ಪುಟ್ಟ ಚುಚ್ಚುಮೊನೆಯ ತುದಿಯನ್ನು ನೇರವಾಗಿ ಒತ್ತಿ ತೆಗೆಯುತ್ತಾರೆ. ತುದಿ ಸುಮಾರು 1 ಮಿಲಿಮೀಟರ್ ಅಷ್ಟೇ. ರಕ್ತ ಬಂದರೆ ಚುಚ್ಚಿದ್ದು ಜಾಸ್ತಿಯಾಯಿತು ಎಂದರ್ಥ. ಪ್ರತಿ ಹನಿಗೂ ಹೊಸ ಲ್ಯಾನ್ಸೆಟ್. ಜೊತೆಗೆ ಎರಡು ಹೋಲಿಕೆ ಹನಿಗಳು ಕಡ್ಡಾಯ: ಹಿಸ್ಟಮಿನ್ ಮತ್ತು ಉಪ್ಪುನೀರು.

ಹದಿನೈದು ನಿಮಿಷ ಬಿಟ್ಟು ಉಬ್ಬನ್ನು ಅಳೆಯುತ್ತಾರೆ. ಕೆಂಪನ್ನಲ್ಲ, ಸೊಳ್ಳೆ ಕಚ್ಚಿದಂತೆ ಎದ್ದ ಬಿಳಿ ಉಬ್ಬನ್ನು. ಉದ್ದಗಲಗಳ ಸರಾಸರಿ ಉಪ್ಪುನೀರಿನದ್ದಕ್ಕಿಂತ 3 ಮಿಲಿಮೀಟರ್ ಅಥವಾ ಹೆಚ್ಚು ಇದ್ದರೆ ಪಾಸಿಟಿವ್.

ಕೆಡುವುದು ಎಲ್ಲಿ? ಹಿಸ್ಟಮಿನ್ ಹನಿಯೇ ಏಳದಿದ್ದರೆ ಮಗುವಿಗೆ ಯಾರೋ ಆಂಟಿಹಿಸ್ಟಮಿನ್ ಕೊಟ್ಟಿದ್ದಾರೆ. ಸೆಟಿರಿಜಿನ್, ಲೊರಾಟಡಿನ್‌ನಂಥವನ್ನು ಐದರಿಂದ ಏಳು ದಿನ ಮುಂಚೆ ನಿಲ್ಲಿಸಬೇಕು. ಮನೆಯವರು ‘ಅಲರ್ಜಿ ಔಷಧಿ ನಿಲ್ಲಿಸಿದ್ದೇವೆ’ ಎನ್ನುತ್ತಾರೆ, ಆದರೆ ರಾತ್ರಿ ಕೊಟ್ಟ ಕೆಮ್ಮಿನ ಸಿರಪ್ಪಿನಲ್ಲಿ ಕ್ಲೋರ್ಫೆನಿರಮೈನ್ ಇರುತ್ತದೆ. ಬಾಟಲಿ ತರಿಸಿ ನೋಡುವುದೇ ವಾಸಿ. ಉಪ್ಪುನೀರಿನ ಹನಿಯೂ ಎದ್ದರೆ ಆ ಚರ್ಮ ಗೀರಿದರೂ ಉಬ್ಬುವ ಜಾತಿಯದು, ರಕ್ತಪರೀಕ್ಷೆಯೇ ಗತಿ. ಇಸುಬು ಎದ್ದ ಜಾಗದಲ್ಲಿ ಚುಚ್ಚಬಾರದು. ಜೋರಾದ ಅನಾಫಿಲಾಕ್ಸಿಸ್ (ಉಸಿರು, ರಕ್ತದೊತ್ತಡಕ್ಕೇ ಕೈಹಾಕಿ ಜೀವಕ್ಕೆ ಅಪಾಯ ತರುವ ಅಲರ್ಜಿ) ಆಗಿ ನಾಲ್ಕಾರು ವಾರದೊಳಗೆ ಮಾಡಿದರೆ ಮಾಸ್ಟ್ ಕೋಶಗಳು ಇನ್ನೂ ಬರಿದಾಗಿದ್ದು ಸುಳ್ಳು ನೆಗೆಟಿವ್ ಬರಬಹುದು. ಇನ್ನು ಆಹಾರದ ಸತ್ವವನ್ನು ಸಿರಿಂಜಿನಿಂದ ಚರ್ಮದೊಳಕ್ಕೆ ತುಂಬಿ ಪರೀಕ್ಷಿಸುವುದಂತೂ ಮಾಡಲೇಬಾರದ ಕೆಲಸ: ಸುಳ್ಳು ಪಾಸಿಟಿವ್ ಹೆಚ್ಚು, ಮೈಯೆಲ್ಲ ಪ್ರತಿಕ್ರಿಯೆ ಏಳುವ ಅಪಾಯವೂ ಇದೆ.

ಸಂಖ್ಯೆ ಹೇಳುವುದು, ಹೇಳದಿರುವುದು

ಪಾಸಿಟಿವ್ ಎಂದರೆ ಮಗುವಿನಲ್ಲಿ ಆ ವಸ್ತುವಿನ ವಿರುದ್ಧ ಐಜಿಇ ಇದೆ ಎಂದು ಮಾತ್ರ. ಅದನ್ನು ತಿಂದರೆ ತೊಂದರೆ ಆಗುತ್ತದೆ ಎಂದಲ್ಲ. ಐಜಿಇ ಇದ್ದೂ ಆರಾಮಾಗಿ ತಿನ್ನುವ ಮಕ್ಕಳು ಬಹಳ; ಇಸುಬು ಇರುವ ಮಕ್ಕಳಲ್ಲಂತೂ ಒಟ್ಟು ಐಜಿಇಯೇ ಏರಿರುವುದರಿಂದ ರಿಪೋರ್ಟಿನ ತುಂಬ ಕೆಂಪು ಗುರುತು ಬೀಳುತ್ತದೆ. ಪ್ರಯೋಗಾಲಯಗಳು ವಾಡಿಕೆಯಾಗಿ 0.35 ಯೂನಿಟ್ ದಾಟಿದ್ದನ್ನು ಪಾಸಿಟಿವ್ ಎಂದು ಮುದ್ರಿಸುತ್ತವೆ. ತಿಂದರೆ ನೂರಕ್ಕೆ ತೊಂಬತ್ತೈದು ಪಾಲು ಪ್ರತಿಕ್ರಿಯೆ ಖಚಿತ ಎನ್ನಲು ಅಧ್ಯಯನಗಳಲ್ಲಿ ಬೇಕಾದ ಮಟ್ಟ ಹಾಲಿಗೆ ಸುಮಾರು 15, ಮೊಟ್ಟೆಗೆ 7, ಕಡಲೆಕಾಯಿಗೆ 14 ಯೂನಿಟ್. ಎರಡು ವರ್ಷದೊಳಗಿನವರಲ್ಲಿ ಹಾಲು ಮೊಟ್ಟೆಗೆ ಇನ್ನೂ ಕಡಿಮೆ. 0.35ಕ್ಕೂ 15ಕ್ಕೂ ನಡುವಿನ ಬಯಲಿನಲ್ಲಿ ಬಿದ್ದ ಮಗುವಿಗೆ ಸಂಖ್ಯೆ ಉತ್ತರ ಕೊಡುವುದಿಲ್ಲ, ತಿಂದ ಮೇಲೆ ಏನಾಯಿತೆಂಬ ಕಥೆ ಕೊಡುತ್ತದೆ. ಸಂಖ್ಯೆ ಹೇಳುವುದು ಪ್ರತಿಕ್ರಿಯೆ ಆಗುವ ಸಾಧ್ಯತೆಯನ್ನು. ಎಷ್ಟು ಜೋರಾಗಿ ಆಗುತ್ತದೆ ಎಂಬುದನ್ನಲ್ಲ.

ಆದ್ದರಿಂದ ನಲವತ್ತು ಆಹಾರಗಳ ಪ್ಯಾನಲ್ ಬರೆದುಕೊಡುವುದು ಪರೀಕ್ಷೆಯಲ್ಲ, ಬಲೆ ಬೀಸುವುದು. ಕಥೆಯಲ್ಲಿ ಬಂದ ಒಂದೆರಡು ಆಹಾರಗಳನ್ನು ಮಾತ್ರ ಕೇಳಬೇಕು. ಕಡಲೆಕಾಯಿಯಂಥ ಕೆಲವಕ್ಕೆ ಇನ್ನೂ ಸೂಕ್ಷ್ಮ ದಾರಿಯಿದೆ: ಬೀಜದೊಳಗಿನ ಬೇರೆಬೇರೆ ಪ್ರೋಟೀನುಗಳನ್ನು ಒಂದೊಂದಾಗಿ ಅಳೆಯುವುದು. ಅರಾ ಎಚ್ 2 ಎಂಬ ಪ್ರೋಟೀನು ಬಿಸಿಗೂ ಜೀರ್ಣರಸಕ್ಕೂ ಬಗ್ಗದು, ಅದಕ್ಕೆ ಐಜಿಇ ಇದ್ದರೆ ನಿಜವಾದ ಅಲರ್ಜಿಯ ಸಾಧ್ಯತೆ ಹೆಚ್ಚು. ಅರಾ ಎಚ್ 8 ಒಂದಕ್ಕೇ ಇದ್ದರೆ ಅದು ಬರ್ಚ್ ಮರದ ಪರಾಗದ ಅಲರ್ಜಿಯ ನೆರಳು; ಸಾಮಾನ್ಯವಾಗಿ ಬಾಯಿ ತುರಿಸೀತು, ಅಷ್ಟೇ. ಇನ್ನು ‘ಆಹಾರದ ಐಜಿಜಿ’ ಎಂದು ಮಾರುವ ಪರೀಕ್ಷೆಗಳಿವೆ. ಐಜಿಜಿ ಬೇರೆಯೇ ಜಾತಿಯ ಪ್ರತಿಕಾಯ; ಅದು ತೋರಿಸುವುದು ಮಗು ಆ ಆಹಾರ ತಿಂದಿದೆ ಎಂಬುದನ್ನು. ಅದು ಅಮ್ಮನಿಗೆ ಮೊದಲೇ ಗೊತ್ತು.

ಬೇಡದ ಪಥ್ಯದಿಂದ ಏನು ನಷ್ಟ? ತೂಕ, ಎತ್ತರ ಕುಂಠಿತವಾಗುವುದು ಒಂದು. ಇನ್ನೊಂದು ಅಷ್ಟಾಗಿ ಯಾರೂ ಹೇಳದ್ದು: ಇಸುಬಿನ ಮಗು ಐಜಿಇ ಇದ್ದೂ ಹಾಲನ್ನು ಸಲೀಸಾಗಿ ಕುಡಿಯುತ್ತಿದ್ದರೆ, ಅದು ದಿನವೂ ಕುಡಿಯುವುದರಿಂದಲೇ ಒಗ್ಗಿಕೊಂಡಿರಬಹುದು. ರಿಪೋರ್ಟು ನೋಡಿ ಆರು ತಿಂಗಳು ನಿಲ್ಲಿಸಿ ಮತ್ತೆ ಕೊಟ್ಟರೆ ಆಗ ನಿಜಕ್ಕೂ ಅನಾಫಿಲಾಕ್ಸಿಸ್ ಆದ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಪರೀಕ್ಷೆಯೇ ಕಾಯಿಲೆ ತಂದಿಟ್ಟ ಹಾಗಾಯಿತು.

ತಿನ್ನಿಸಿ ನೋಡುವುದು

ಕಥೆಯೂ ಸಂಖ್ಯೆಯೂ ಕೈಕೊಟ್ಟಾಗ ಉಳಿಯುವುದು ಇದೊಂದೇ, ಎಲ್ಲಕ್ಕಿಂತ ನಂಬಿಕಸ್ಥ ಪರೀಕ್ಷೆಯೂ ಇದೇ. ಆಸ್ಪತ್ರೆಯಲ್ಲಿ, ಅಡ್ರಿನಲಿನ್ ಅಳತೆ ಮಾಡಿ ಪಕ್ಕದಲ್ಲಿಟ್ಟುಕೊಂಡು, ಮಗುವಿಗೆ ಆ ಆಹಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡುವುದು. ಹೆಚ್ಚಾಗಿ ಬಳಸುವ ಮೆಟ್ಟಿಲುಗಳು ಪ್ರೋಟೀನಿನ ಲೆಕ್ಕದಲ್ಲಿ 3, 10, 30, 100, 300, 1000, 3000 ಮಿಲಿಗ್ರಾಂ. ಹಸುವಿನ ಹಾಲಿನಲ್ಲಿ ಪ್ರೋಟೀನು ಸುಮಾರು 3.3 ಪ್ರತಿಶತ ಎಂದು ಹಿಡಿದರೆ ಅದು 0.1 ಮಿಲೀ, 0.3, 0.9, 3, 9, 30, ಕೊನೆಗೆ 90 ಮಿಲೀ ಆಗುತ್ತದೆ. ಮೊದಲ ಡೋಸು ಎರಡು ಹನಿ, ಕೊನೆಯದು ಅರ್ಧ ಲೋಟ. ನಡುವೆ 20ರಿಂದ 30 ನಿಮಿಷ ಬಿಡುವು. ಕೊನೆಯ ಡೋಸಿನ ನಂತರ ಕನಿಷ್ಠ ಎರಡು ತಾಸು ಅಲ್ಲೇ ಕೂರಿಸಿಕೊಳ್ಳಬೇಕು. ಎಫ್‌ಪೀಸ್ ಅನುಮಾನವಿದ್ದರೆ ನಾಲ್ಕು ತಾಸು. ಅರ್ಧ ದಿನಕ್ಕಿಂತ ಹೆಚ್ಚು ಹಿಡಿಯುವ ಕೆಲಸ, ಆಟಿಕೆ ತಂದವರು ಬುದ್ಧಿವಂತರು.

ಶುರುಮಾಡುವ ಮುನ್ನ ಮಗು ಪೂರ್ತಿ ಆರಾಮಿರಬೇಕು. ನೆಗಡಿ ಜ್ವರ ಇದ್ದರೆ, ಉಬ್ಬಸ ಹತೋಟಿಯಲ್ಲಿ ಇಲ್ಲದಿದ್ದರೆ ಮುಂದೂಡುತ್ತಾರೆ. ಹತೋಟಿ ತಪ್ಪಿದ ಉಬ್ಬಸ ಇರುವ ಮಗುವಿನಲ್ಲಿ ಆಹಾರದ ಪ್ರತಿಕ್ರಿಯೆ ಜೀವಕ್ಕೇ ಬರಬಹುದು. ಪ್ರತಿ ಡೋಸಿಗೂ ಮೊದಲು ನಾಡಿ, ರಕ್ತದೊತ್ತಡ, ಆಮ್ಲಜನಕ, ಎದೆಯ ಸದ್ದು, ಮೈಚರ್ಮ ನೋಡಿ ಬರೆದಿಡುತ್ತಾರೆ.

ಓದಲು ಕಷ್ಟವಾಗುವುದು ನಡುವಿನ ಚಿಹ್ನೆಗಳು. ಹಾಲು ಸೋರಿದ ಗಲ್ಲದ ಮೇಲೆ ಎರಡು ಕೆಂಪು ಚುಕ್ಕೆ ಎದ್ದರೆ ಅದು ಚರ್ಮಕ್ಕೆ ತಾಗಿದ್ದರಿಂದ ಇರಬಹುದು. ಒರೆಸಿ ಕಾದು ನೋಡುತ್ತಾರೆ. ಹೊಟ್ಟೆನೋವು ಎನ್ನುವ ಐದು ವರ್ಷದ ಮಗುವಿಗೆ ನಿಜಕ್ಕೂ ನೋವೋ, ಬೇಸರವೋ? ಮುಂದಿನ ಡೋಸಿಗೆ ಇನ್ನಷ್ಟು ಹೊತ್ತು ಬಿಟ್ಟು, ಅಥವಾ ಅದೇ ಡೋಸನ್ನು ಮತ್ತೆ ಕೊಟ್ಟು ಅಳೆಯುತ್ತಾರೆ. ಆದರೆ ಅಷ್ಟು ಹೊತ್ತು ಓಡಾಡುತ್ತಿದ್ದ ಕೂಸು ಇದ್ದಕ್ಕಿದ್ದಂತೆ ಮೌನವಾಗಿ ಅಮ್ಮನ ಹೆಗಲಿಗೆ ಒರಗಿದರೆ ಅನುಭವಸ್ಥ ನರ್ಸು ಮಾನಿಟರ್ ನೋಡುವ ಮುನ್ನವೇ ಎದ್ದು ಬರುತ್ತಾರೆ. ಮೈಯ ಬೇರೆಬೇರೆ ಕಡೆ ಮೂರು ಗಂಧೆ, ಬಿಡದ ಕೆಮ್ಮು, ದನಿ ಒಡೆಯುವುದು, ಮತ್ತೆಮತ್ತೆ ವಾಂತಿ ಬಂದರೆ ಅಲ್ಲಿಗೆ ನಿಲ್ಲಿಸಿ ಚಿಕಿತ್ಸೆ.

ಪಾಸಾದ ಮಗು ಮನೆಗೆ ಹೋಗಿ ಆ ಆಹಾರವನ್ನು ವಾರಕ್ಕೆ ಎರಡು ಮೂರು ಸಲ ತಿನ್ನುತ್ತಿರಬೇಕು. ಹೆದರಿಕೆಯಿಂದ ಮತ್ತೆ ಬಿಟ್ಟುಬಿಡುವ ಮನೆಗಳು ಕಡಿಮೆಯಿಲ್ಲ, ಹಾಗೆ ಬಿಟ್ಟವರಲ್ಲಿ ಅಲರ್ಜಿ ಮರಳಿ ಬರಲೂಬಹುದು.

ಅಡ್ರಿನಲಿನ್: ಅಳತೆ, ಜಾಗ, ಹೊತ್ತು

ಅನಾಫಿಲಾಕ್ಸಿಸ್‌ನಲ್ಲಿ ಮೊದಲ ಔಷಧಿ ಒಂದೇ. 1 ಮಿಲೀಗೆ 1 ಮಿಲಿಗ್ರಾಂ ಇರುವ ಅಡ್ರಿನಲಿನ್, ತೂಕದ ಪ್ರತಿ ಕೆಜಿಗೆ 0.01 ಮಿಲೀ, ತೊಡೆಯ ಹೊರಮಧ್ಯದ ಸ್ನಾಯುವಿಗೆ. ಹನ್ನೆರಡು ಕೆಜಿ ಮಗುವಿಗೆ 0.12 ಮಿಲೀ. ಪುಟ್ಟ ಮಕ್ಕಳಲ್ಲಿ ಒಂದು ಸಲಕ್ಕೆ 0.3 ಮಿಲೀ ಮೀರುವುದಿಲ್ಲ. ಐದರಿಂದ ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೆ ಅಷ್ಟೇ. ಇಷ್ಟು ಸಣ್ಣ ಅಳತೆಗೆ 5 ಮಿಲೀ ಸಿರಿಂಜು ಹಿಡಿದರೆ ಗೆರೆಯೇ ಕಾಣದು, 1 ಮಿಲೀ ಸಿರಿಂಜು ಬೇಕು. ಇನ್ಸುಲಿನ್ ಸಿರಿಂಜಿನ ಸೂಜಿ ಗಿಡ್ಡ, ಸ್ನಾಯು ಮುಟ್ಟುವುದು ಅನುಮಾನ. ಸ್ನಾಯುವೇ ಯಾಕೆ ಎಂಬುದಕ್ಕೆ ಮತ್ತೆ ಗಡಿಯಾರ: ಮಕ್ಕಳಲ್ಲಿ ಅಳೆದು ನೋಡಿದಾಗ ತೊಡೆಯ ಸ್ನಾಯುವಿಗೆ ಕೊಟ್ಟ ಅಡ್ರಿನಲಿನ್ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟಲು ಸರಾಸರಿ 8 ನಿಮಿಷ, ಚರ್ಮದಡಿ ಕೊಟ್ಟದ್ದಕ್ಕೆ 34 ನಿಮಿಷ ಹಿಡಿಯಿತು.

ಸಾಮಾನ್ಯ ತಪ್ಪು ಎಂದರೆ ಆಂಟಿಹಿಸ್ಟಮಿನ್, ಸ್ಟೆರಾಯ್ಡ್ ಕೊಟ್ಟು ‘ನೋಡೋಣ’ ಎಂದು ಕೂರುವುದು. ಆಂಟಿಹಿಸ್ಟಮಿನ್ ತುರಿಕೆ ಇಳಿಸುತ್ತದೆ, ಮುಚ್ಚುತ್ತಿರುವ ಶ್ವಾಸನಾಳ ತೆರೆಯುವುದಿಲ್ಲ, ಬೀಳುತ್ತಿರುವ ರಕ್ತದೊತ್ತಡ ಎತ್ತುವುದಿಲ್ಲ. ಗಂಧೆ ಮಾಯವಾಗಿದ್ದು ಕಂಡು ಎಲ್ಲರೂ ನೆಮ್ಮದಿಯಾಗುತ್ತಾರೆ, ಒಳಗೆ ಕೆಲಸ ಕೆಡುತ್ತಿರುತ್ತದೆ. ಎರಡನೇ ತಪ್ಪು, ಮಗುವನ್ನು ಎತ್ತಿ ನಿಲ್ಲಿಸಿಕೊಂಡು ಓಡುವುದು. ಮಲಗಿಸಿ ಕಾಲು ಎತ್ತರಿಸಬೇಕು. ಉಸಿರಾಟ ಕಷ್ಟವಿದ್ದರೆ ಕಾಲು ಚಾಚಿ ಕೂರಿಸಬೇಕು, ವಾಂತಿಯಿದ್ದರೆ ಮಗ್ಗುಲಿಗೆ. ಥಟ್ಟನೆ ನಿಲ್ಲಿಸಿದರೆ ಹೃದಯಕ್ಕೆ ಮರಳುವ ರಕ್ತ ಕುಸಿದು ಸಾವೇ ಸಂಭವಿಸಬಹುದು.

ಅಡ್ರಿನಲಿನ್ ಅಳತೆ ಮಾಡಿ ತುಂಬಿಟ್ಟ ಆಟೋ ಇಂಜೆಕ್ಟರ್ ಪೆನ್ನು ಬರೆದುಕೊಟ್ಟರೆ ಸಾಲದು, ಡಮ್ಮಿ ಪೆನ್ನಿನಲ್ಲಿ ಅಪ್ಪ, ಅಮ್ಮ, ಅಜ್ಜಿ ಎಲ್ಲರ ಕೈಯಲ್ಲೂ ಮಾಡಿಸಬೇಕು. ಸಾಮಾನ್ಯವಾಗಿ 15ರಿಂದ 30 ಕೆಜಿಗೆ 0.15 ಮಿಲಿಗ್ರಾಂ ಪೆನ್ನು, ಅದಕ್ಕೆ ಮೇಲೆ 0.3. ಮುಷ್ಟಿಯಲ್ಲಿ ಹಿಡಿಯಬೇಕು, ತುದಿಯ ಮೇಲೆ ಹೆಬ್ಬೆರಳು ಇಡಬಾರದು. ತಲೆಕೆಳಗಾಗಿ ಹಿಡಿದು ಸೂಜಿ ಹೆಬ್ಬೆರಳಿಗೇ ಹೊಕ್ಕಿಸಿಕೊಂಡವರಿದ್ದಾರೆ. ಚಡ್ಡಿ, ಪ್ಯಾಂಟು ಬಿಚ್ಚುವ ಅಗತ್ಯವಿಲ್ಲ. ಪೆನ್ನನ್ನು ಫ್ರಿಜ್ಜಿನಲ್ಲೂ ಇಡಬಾರದು, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲೂ ಬಿಡಬಾರದು.

ದೂರ ಇಡುವುದರಿಂದ ಕೊಡುವುದರ ಕಡೆಗೆ

ಕಡಲೆಕಾಯಿಯನ್ನು ಮೂರು ವರ್ಷದವರೆಗೆ ಕೊಡಬೇಡಿ ಎಂದು ಅಲರ್ಜಿ ಅಪಾಯ ಹೆಚ್ಚಿದ್ದ ಮಕ್ಕಳಿಗೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2000ದಲ್ಲಿ ಹೇಳಿತ್ತು, 2008ರಲ್ಲಿ ಕೈಬಿಟ್ಟಿತು. ಲಂಡನ್ನಿನಲ್ಲಿ ಗಿಡಿಯನ್ ಲ್ಯಾಕ್ ತಂಡದ ‘ಲೀಪ್’ ಅಧ್ಯಯನ 2015ರಲ್ಲಿ ಆ ಸಲಹೆಯನ್ನು ಪೂರ್ತಿ ತಿರುವಿಹಾಕಿತು. ಜೋರಾದ ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳಲ್ಲಿ ಅರ್ಧ ಮಕ್ಕಳಿಗೆ ವಾರಕ್ಕೆ 6 ಗ್ರಾಂ ಕಡಲೆಕಾಯಿ ಪ್ರೋಟೀನು ಕೊಟ್ಟರು, ಉಳಿದವರಿಗೆ ಪೂರ್ತಿ ದೂರವಿಟ್ಟರು. ಐದನೇ ವರ್ಷಕ್ಕೆ ದೂರವಿಟ್ಟವರಲ್ಲಿ 17.2 ಪ್ರತಿಶತ ಮಕ್ಕಳಿಗೆ ಅಲರ್ಜಿ, ತಿಂದವರಲ್ಲಿ 3.2 ಪ್ರತಿಶತ. ಒಡೆದ ಚರ್ಮದ ಮೂಲಕ ಮೊದಲು ಒಳಹೊಕ್ಕ ಪ್ರೋಟೀನನ್ನು ಮೈ ಶತ್ರುವೆಂದು ಗುರುತು ಹಾಕಿಕೊಳ್ಳುತ್ತದೆ, ಬಾಯಿಯ ಮೂಲಕ ಮೊದಲು ಬಂದದ್ದನ್ನು ಆಹಾರವೆಂದು ಒಪ್ಪುತ್ತದೆ ಎಂಬ ತಿಳಿವಳಿಕೆ ಇದರಿಂದ ಗಟ್ಟಿಯಾಯಿತು. ಇಡೀ ಬೀಜ ಕೊಡಬಾರದು, ಗಂಟಲಿಗೆ ಸಿಕ್ಕುತ್ತದೆ; ನುಣ್ಣಗೆ ಅರೆದು ತೆಳ್ಳಗೆ ಮಾಡಿ ಕೊಡಬೇಕು. ಇಸುಬು ಜೋರಿದ್ದ ಕೂಸಿಗೆ ಮೊದಲು ತಜ್ಞರನ್ನು ಕೇಳುವುದು ಕ್ಷೇಮ.

ಹಾಲು, ಮೊಟ್ಟೆಯ ಅಲರ್ಜಿ ಇರುವ ಮಕ್ಕಳಲ್ಲಿ ಬಹುಪಾಲು ಮಕ್ಕಳು 180 ಡಿಗ್ರಿಯಲ್ಲಿ ಅರ್ಧ ತಾಸು ಬೇಕ್ ಮಾಡಿದ ಕೇಕಿನಲ್ಲಿರುವ ಅದೇ ಹಾಲು ಮೊಟ್ಟೆಯನ್ನು ಸಹಿಸಿಕೊಳ್ಳುತ್ತಾರೆ. ಬಿಸಿ ತಾಗಿದಾಗ ಪ್ರೋಟೀನಿನ ಮಡಿಕೆ ಬಿಚ್ಚಿ, ಐಜಿಇ ಹಿಡಿಯುವ ಆಕಾರವೇ ಉಳಿಯುವುದಿಲ್ಲ. ಹಿಟ್ಟಿನೊಡನೆ ಬೆರೆತು ಬೇಯುವುದರಿಂದಲೂ ಒಂದಿಷ್ಟು ಮರೆಯಾಗುತ್ತದೆ. ಅಲ್ಲಿಂದ ಶುರುಮಾಡಿ ಹಸಿ ಹಾಲಿನವರೆಗೆ ಹತ್ತುವ ಏಣಿಯನ್ನು ತಜ್ಞರು ಬರೆದುಕೊಡುತ್ತಾರೆ. ಮೊದಲ ಮೆಟ್ಟಿಲನ್ನು ಮನೆಯಲ್ಲಿ ಹತ್ತಬಹುದೋ ಆಸ್ಪತ್ರೆಯಲ್ಲೋ ಎಂಬುದು ಹಿಂದಿನ ಪ್ರತಿಕ್ರಿಯೆ ನೋಡಿ ನಿರ್ಧಾರವಾಗುತ್ತದೆ. ಕಡಲೆಕಾಯಿ ಅಲರ್ಜಿ ಮಾತ್ರ ಐದರಲ್ಲಿ ಒಬ್ಬರಿಗಷ್ಟೇ ತಾನಾಗಿ ಬಿಡುತ್ತದೆ. ಉಳಿದವರಿಗೆ ಅದನ್ನೇ ತಿಂಗಳುಗಟ್ಟಲೆ ಮಿಲಿಗ್ರಾಂ ಲೆಕ್ಕದಲ್ಲಿ ಏರಿಸುವ ಚಿಕಿತ್ಸೆ ಇದೆ. ಐಜಿಇಯನ್ನೇ ಹಿಡಿದುಹಾಕುವ ಓಮಾಲಿಜುಮ್ಯಾಬ್ ಚುಚ್ಚುಮದ್ದಿಗೆ, ಒಂದು ವರ್ಷ ದಾಟಿದವರ ಆಹಾರದ ಅಲರ್ಜಿಯಲ್ಲಿ ಬಳಸಲು, ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿದೆ. ಎರಡೂ ಆಕಸ್ಮಿಕವಾಗಿ ಒಂದು ತುತ್ತು ತಿಂದರೆ ಕಾಪಾಡಲು. ಮನಸೋ ಇಚ್ಛೆ ತಿನ್ನಲು ಪರವಾನಗಿಯಲ್ಲ.

ಔಷಧಿ ಅಲರ್ಜಿಯಲ್ಲಿ ಇವರ ಕೆಲಸ ಹೆಚ್ಚಾಗಿ ಹಣೆಪಟ್ಟಿ ಕೀಳುವುದು. ‘ಪೆನಿಸಿಲಿನ್ ಅಲರ್ಜಿ’ ಎಂದು ಬರೆಸಿಕೊಂಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಪರೀಕ್ಷಿಸಿದಾಗ ಆ ಔಷಧಿಯನ್ನು ಸಲೀಸಾಗಿ ತೆಗೆದುಕೊಳ್ಳುತ್ತಾರೆ. ಅಮಾಕ್ಸಿಸಿಲಿನ್ ಶುರುಮಾಡಿ ನಾಲ್ಕೈದು ದಿನಕ್ಕೆ ಎದ್ದ ಮೃದುವಾದ ದದ್ದು ಬಹಳ ಸಲ ವೈರಸ್ಸಿನದು. ಬಾಯಿ, ಕಣ್ಣಿನಲ್ಲಿ ಹುಣ್ಣು, ಸುಲಿದ ಚರ್ಮ ಕಂಡಿದ್ದರೆ ಮಾತ್ರ ಆ ಔಷಧಿಯನ್ನು ಮತ್ತೆಂದೂ ಕೊಟ್ಟು ನೋಡಬಾರದು.

ಇನ್ನರ್ಧ ಕೆಲಸ

ಇಲ್ಲಿಯವರೆಗಿನದು ರೋಗನಿರೋಧಕ ವ್ಯವಸ್ಥೆ ಬೇಡದ ಕಡೆ ಕೈ ಎತ್ತಿದ ಕಥೆ. ಬೇಕಾದಾಗ ಕೈ ಎತ್ತದ ಮಕ್ಕಳೂ ಇದೇ ತಜ್ಞರ ಪಾಲಿಗೆ ಬರುತ್ತಾರೆ. ಇಸುಬು ಎಂದು ಬಂದ ಗಂಡುಮಗುವಿಗೆ ರಕ್ತಸ್ರಾವದ ಚುಕ್ಕೆಗಳೂ, ಗಾತ್ರದಲ್ಲಿ ಪುಟ್ಟದಾದ ಪ್ಲೇಟ್‌ಲೆಟ್‌ಗಳೂ ಕಂಡರೆ ಅದು ಬರೀ ಇಸುಬಲ್ಲ, ವಿಸ್ಕಾಟ್ ಆಲ್ಡ್ರಿಚ್ ಎಂಬ ಹುಟ್ಟಿನಿಂದ ಬಂದ ಕೊರತೆ. ಎರಡೂ ವಿದ್ಯೆ ಒಬ್ಬರಲ್ಲೇ ಇರಬೇಕಾದ್ದು ಇಂಥ ಕಾರಣಕ್ಕೆ.

ಆರೋಗ್ಯವಂತ ಪುಟ್ಟ ಮಗುವಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಕೆಮ್ಮು ಬರುವುದು ಸಹಜ, ಶಿಶುವಿಹಾರಕ್ಕೆ ಸೇರಿದ ವರ್ಷ ಇನ್ನೂ ಹೆಚ್ಚು. ಎಣಿಕೆಗಿಂತ ಮುಖ್ಯ ಸೋಂಕಿನ ಜಾತಿ. ವರ್ಷದಲ್ಲಿ ಎರಡು ನ್ಯುಮೋನಿಯಾ, ಎರಡು ತಿಂಗಳು ಆಂಟಿಬಯಾಟಿಕ್ ಕೊಟ್ಟರೂ ಬಗ್ಗದ ಸೋಂಕು, ಯಕೃತ್ತಿನಲ್ಲೋ ಮೂಳೆಯಲ್ಲೋ ಕೀವು, ವರ್ಷ ದಾಟಿದರೂ ಬಾಯಲ್ಲಿ ಬಿಳಿ ಅಗ್ರ, ಬಿಸಿಜಿ ಲಸಿಕೆಯೇ ಮೈಯೆಲ್ಲ ಹರಡಿದ್ದು, ಏರದ ತೂಕ, ಮನೆತನದಲ್ಲಿ ಎಳವೆಯಲ್ಲೇ ತೀರಿಕೊಂಡ ಗಂಡುಮಕ್ಕಳು, ಇಂಥವು ಕಂಡರೆ ತಡಮಾಡಬಾರದು.

ಇಲ್ಲೂ ಹೊತ್ತು ದಾರಿ ತೋರಿಸುತ್ತದೆ. ಮಗು ಹುಟ್ಟುವಾಗ ತಾಯಿಯ ಐಜಿಜಿ ಹೊತ್ತು ಬರುತ್ತದೆ. ಆರು ತಿಂಗಳ ಹೊತ್ತಿಗೆ ಅದು ಕರಗುತ್ತದೆ. ಆದ್ದರಿಂದ ಪ್ರತಿಕಾಯವೇ ಮಾಡಲಾಗದ ಮಗು ಆರು ತಿಂಗಳವರೆಗೆ ಚೆನ್ನಾಗಿದ್ದು ಆಮೇಲೆ ಕಿವಿ ಸೋರುವುದು, ನ್ಯುಮೋನಿಯಾ ಎಂದು ಶುರುಮಾಡುತ್ತದೆ. 1952ರಲ್ಲಿ ಅಮೆರಿಕದ ವೈದ್ಯ ಆಗ್ಡೆನ್ ಬ್ರೂಟನ್ ಎಂಟು ವರ್ಷದ ಹುಡುಗನೊಬ್ಬನ ರಕ್ತದಲ್ಲಿ ಗಾಮಾ ಗ್ಲಾಬ್ಯುಲಿನ್ (ಪ್ರತಿಕಾಯಗಳಿರುವ ಪ್ರೋಟೀನು) ಇಲ್ಲವೇ ಇಲ್ಲ ಎಂದು ಕಂಡು, ಅದನ್ನೇ ಚುಚ್ಚಿ ಕೊಟ್ಟರು, ಸೋಂಕು ನಿಂತಿತು. ಇಂಥ ಮಕ್ಕಳ ಬಾಯಿ ತೆರೆದು ನೋಡಿದರೆ ಟಾನ್ಸಿಲ್ ಇರುವುದೇ ಇಲ್ಲ. ಟಾರ್ಚ್ ಒಂದಿದ್ದರೆ ಸಾಕಾದ ಪರೀಕ್ಷೆ.

ಸೋಂಕಿನ ವಿರುದ್ಧ ಹೋರಾಟ ನಡೆಸುವ ಟಿ ಕೋಶಗಳೆಂಬ ಬಿಳಿ ಕಣಗಳೇ ಇಲ್ಲದ ‘ಸ್ಕಿಡ್’ ಎಂಬ ಹುಟ್ಟುಕೊರತೆ ಇರುವ ಕೂಸು ಆರು ತಿಂಗಳು ಕಾಯುವುದಿಲ್ಲ, ಮೊದಲ ಕೆಲವು ತಿಂಗಳಲ್ಲೇ ಬಿಡದ ಭೇದಿ, ಅಗ್ರ, ನ್ಯುಮೋನಿಯಾ. ಸುಳಿವು ಮಾತ್ರ ಎಲ್ಲೆಡೆ ಸಿಗುವ ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಇರುತ್ತದೆ. ಮೂರು ತಿಂಗಳ ಮಗುವಿನ ಬಿಳಿ ರಕ್ತಕಣ 6000, ಅದರಲ್ಲಿ ಲಿಂಫೋಸೈಟ್ (ಟಿ, ಬಿ ಕೋಶಗಳು ಸೇರಿದ ಗುಂಪು) 20 ಪ್ರತಿಶತ ಎಂದಿದ್ದರೆ ಗುಣಿಸಿ ನೋಡಿ: 1200. ದೊಡ್ಡವರಿಗೆ ಅದು ಸರಿಯಾದ ಸಂಖ್ಯೆ, ಆದ್ದರಿಂದ ರಿಪೋರ್ಟಿನಲ್ಲಿ ನಕ್ಷತ್ರದ ಗುರುತೂ ಬೀಳುವುದಿಲ್ಲ. ಆ ವಯಸ್ಸಿನ ಕೂಸಿಗೆ 3000ಕ್ಕಿಂತ ಕಡಿಮೆ ಇದ್ದರೇ ಅನುಮಾನ ಪಡಬೇಕು. ಅನುಮಾನ ಬಂದ ಕ್ಷಣದಿಂದ ಬಿಸಿಜಿ, ರೋಟಾ, ಬಾಯಿ ಹನಿ ಪೋಲಿಯೊದಂಥ ಜೀವಂತ ಲಸಿಕೆ ನಿಲ್ಲಿಸಬೇಕು. ರಕ್ತ ಕೊಡಬೇಕಾದರೆ ವಿಕಿರಣ ಹಾಯಿಸಿದ್ದನ್ನೇ ಕೊಡಬೇಕು, ಇಲ್ಲದಿದ್ದರೆ ದಾನಿಯ ಕೋಶಗಳೇ ಮಗುವಿನ ಮೈಯನ್ನು ತಿನ್ನುತ್ತವೆ. ಮೂರೂವರೆ ತಿಂಗಳೊಳಗೆ ಅಸ್ಥಿಮಜ್ಜೆ ಕಸಿಯಾದ ಮಕ್ಕಳಲ್ಲಿ ನೂರಕ್ಕೆ 94 ಮಂದಿ ಐದು ವರ್ಷ ದಾಟಿದ್ದು ಉತ್ತರ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಕಂಡುಬಂತು. ಸೋಂಕು ಹತ್ತಿದ ಮೇಲೆ ಕಸಿ ಮಾಡಿದರೆ ಫಲಿತಾಂಶ ಅಷ್ಟು ಚೆನ್ನಾಗಿರುವುದಿಲ್ಲ.

ಇಲ್ಲಿನ ಪರೀಕ್ಷೆಗಳು ರಕ್ತ ಸಾಗಿಸುವುದರಲ್ಲೇ ಕೆಡುತ್ತವೆ. ಟಿ, ಬಿ ಕೋಶಗಳನ್ನು ಎಣಿಸುವ ಫ್ಲೋ ಸೈಟೋಮೆಟ್ರಿಯ ರಕ್ತವನ್ನು ಐಸಿನಲ್ಲಿಟ್ಟು ಕಳಿಸಬಾರದು, ಕೋಣೆಯ ತಾಪದಲ್ಲೇ ಇರಬೇಕು. ಬಿಳಿ ಕಣಗಳು ನುಂಗಿದ ಕ್ರಿಮಿಯನ್ನು ಕೊಲ್ಲುತ್ತವೆಯೇ ಎಂದು ನೋಡುವ ಡಿಎಚ್‌ಆರ್ ಪರೀಕ್ಷೆಗೆ ಮಗುವಿನ ರಕ್ತದ ಜೊತೆ, ಅದೇ ಹೊತ್ತಿಗೆ ತೆಗೆದ ಸಂಬಂಧಿಕರಲ್ಲದ ಆರೋಗ್ಯವಂತರೊಬ್ಬರ ರಕ್ತವನ್ನೂ ಕಳಿಸಬೇಕು. ಇಬ್ಬರದ್ದೂ ಕೆಟ್ಟು ಬಂದರೆ ದೋಷ ದಾರಿಯದ್ದು, ಮಗುವಿನದ್ದಲ್ಲ.

ಪ್ರತಿಕಾಯ ಕೊರತೆ ಖಚಿತವಾದರೆ ದಾನಿಗಳ ಪ್ಲಾಸ್ಮಾದಿಂದ ತೆಗೆದ ಇಮ್ಯುನೊಗ್ಲಾಬ್ಯುಲಿನ್ ಅನ್ನು ಕೆಜಿಗೆ 400ರಿಂದ 600 ಮಿಲಿಗ್ರಾಂನಂತೆ ಮೂರು ನಾಲ್ಕು ವಾರಕ್ಕೊಮ್ಮೆ ಏರಿಸುತ್ತಾರೆ. ಹದಿನೈದು ಕೆಜಿ ಮಗುವಿಗೆ 400ರ ಲೆಕ್ಕದಲ್ಲಿ 6 ಗ್ರಾಂ, ಎಂದರೆ 5 ಪ್ರತಿಶತ ದ್ರಾವಣದಲ್ಲಿ 120 ಮಿಲೀ. ಮೊದಲ ಅರ್ಧ ತಾಸು ಕೆಜಿಗೆ ತಾಸಿಗೆ ಅರ್ಧ ಮಿಲೀಯಷ್ಟು ನಿಧಾನ, ಆಮೇಲೆ ಮೆಲ್ಲಗೆ ಏರಿಕೆ. ತಲೆನೋವು, ನಡುಕ ಬಂದರೆ ವೇಗ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಡೋಸು ಸಾಕೇ ಎಂದು ನೋಡಲು ಐಜಿಜಿ ಅಳೆಯುವುದು ಮುಂದಿನ ಬಾಟಲಿ ಏರಿಸುವ ಮುನ್ನ, ಮಟ್ಟ ಅತಿ ಕೆಳಗಿದ್ದಾಗ.

ಒಮ್ಮೆ ಈ ಬಾಟಲಿ ಏರಿತೆಂದರೆ ಮಗುವಿನ ರಕ್ತದಲ್ಲಿ ಸಿಗುವ ಪ್ರತಿಕಾಯಗಳು ಸಾವಿರಾರು ದಾನಿಗಳವು. ಲಸಿಕೆಗೆ ಮಗು ತಾನೇ ಪ್ರತಿಕಾಯ ಮಾಡಿತ್ತೇ ಎಂದು ಆಮೇಲೆ ತಿಂಗಳುಗಟ್ಟಲೆ ಹೇಳಲಾಗದು. ಬಂದಿರದ ಹೆಪಟೈಟಿಸ್ ಬಂದುಹೋಗಿದೆ ಎಂದೂ ರಿಪೋರ್ಟು ಹೇಳೀತು. ತುರ್ತಿನಲ್ಲಿ ಇಮ್ಯುನೊಗ್ಲಾಬ್ಯುಲಿನ್ ಕೊಡಲೇಬೇಕಾಗಿ ಬಂದರೂ, ಮೊದಲ ಹನಿಗೆ ಮುಂಚೆ ಎರಡು ಟ್ಯೂಬು ರಕ್ತ ತೆಗೆದು, ಹೆಸರು, ತಾರೀಖು, ಹೊತ್ತು ಬರೆದು ಎತ್ತಿಟ್ಟಿರಬೇಕು.